ಗಣಿಯೊಳಗೆ ಅಪ್ಪ ಕೂಗಿದ್ದು

ಒದ್ದೆ ಕಬ್ಬಿಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ನಾನಾಗ ಚಿಕ್ಕ ಹುಡುಗಿ. ಅಪ್ಪ ಶ್ವಾಸಕೋಶದ ಡಾಕ್ಟರು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅಮೆರಿಕದಲ್ಲಿ ನಾವಿದ್ದ ರೆಸ್ಟನ್ ಊರಿನಿಂದ ಬೆಟ್ಟಗಳ ನಡುವಿನ ಒಂದು ಜಿಲ್ಲೆಗೆ ಹೋಗಿದ್ದೆವು. ಅಲ್ಲಿ ಮುಚ್ಚಿಹೋದ ಕಲ್ಲಿದ್ದಲ ಗಣಿಯನ್ನು ಅದರ ಕಂಪನಿಯವರೇ ಪ್ರವಾಸಿಗರಿಗೆ ತೆರೆದಿದ್ದರು. ನೀರು ತೊಟ್ಟಿಕ್ಕುವ ಸುರಂಗದೊಳಗೆ, ತುಕ್ಕು ಹಿಡಿದ ಹಳಿಗಳ ಮೇಲೆ ಪುಟ್ಟ ರೈಲು ನಮ್ಮನ್ನು ಕರೆದೊಯ್ದಿತು. ಹಿಂದೆ ಅಲ್ಲೇ ದುಡಿದಿದ್ದ ಮುದುಕನೊಬ್ಬ ನಮ್ಮ ಗೈಡ್.

"ಈ ಧೂಳಿನಿಂದ ಯಾರಿಗೂ ಏನೂ ಆಗಲಿಲ್ಲ" ಎಂದು ಅವನು ಇಂಗ್ಲಿಷಿನಲ್ಲಿ ನಗುತ್ತಾ ಹೇಳಿದ.

ಎಂದೂ ದನಿಯೆತ್ತದ ಅಪ್ಪ ಎಲ್ಲರೆದುರೇ ಇಂಗ್ಲಿಷಿನಲ್ಲಿ ಕೂಗಿದರು: "ಸುಳ್ಳು! ಗಣಿ ಕೆಲಸದವರ ಎಕ್ಸ್‌ರೇ ನಾನು ನೋಡಿದ್ದೇನೆ!"

"ಸುಮ್ನಿರೀಂದ್ರೆ, ಎಲ್ರೂ ನೋಡ್ತಿದಾರೆ" ಎಂದು ಅಮ್ಮ ಅವರ ತೋಳು ಜಗ್ಗಿದಳು. ಮುದುಕ ತಲೆ ತಗ್ಗಿಸಿದ.

ಹೊರಗೆ ಪಾರ್ಕಿಂಗ್ ಲಾಟಿನವರೆಗೂ ಅವನು ನಮ್ಮ ಹಿಂದೆಯೇ ಬಂದ. "ಡಾಕ್ಟರ್, ಒಮ್ಮೆ ನನ್ನ ಎದೆ ನೋಡುತ್ತೀರಾ?" ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದ. ಅಪ್ಪ ಕಾರಿನ ಟ್ರಂಕಿನಿಂದ ಸ್ಟೆತಾಸ್ಕೋಪ್ ತೆಗೆದು, ಅವನ ಬೆನ್ನಿಗಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಾವೇ ಅವನ ಗುಂಡಿಗಳನ್ನು ಹಾಕಿದರು.

ಕಾರು ಹೊರಟ ಮೇಲೆ, "ಅಪ್ಪಾ, ಈಸ್ ಹೀ ಸಿಕ್?" ಎಂದೆ.

ಅಪ್ಪ ಸ್ಟೀರಿಂಗ್ ಗುದ್ದಿದರು. "ಅವನ ಉಸಿರು ತಿಂದಿದ್ದು ಸಾಲ್ದು ಅಂತ, ಈಗ ಆ ಸುಳ್ಳನ್ನ ಅವನ ಬಾಯಲ್ಲೇ ಹೇಳಿಸ್ತಿದಾರಲ್ಲ ಈ ಕಂಪನಿಯವರು!"