ಪಕ್ಕವಾದ್ಯ

ಇಲ್ಲಿ ಇವಳನ್ನು ನೆಲದ ಮೇಲೆ ಕೂರಲು ಬಿಡುತ್ತಾರೆಯೇ? ಬಿಟ್ಟರೂ, ಬಿಯರ್ ಚೆಲ್ಲಿ ಅಂಟಂಟಾದ ಈ ಹಲಗೆಯ ಮೇಲೆ ಇವಳು ಕೂರುತ್ತಾಳೆಯೇ? ಪಬ್ಬಿನ ಬಾಗಿಲು ತಳ್ಳಿ ಒಳಗೆ ಬಂದ ಮೇಲೂ ಶಮಂತನ ಮನಸ್ಸು ಕಿಂಗ್ಸ್‌ಬರಿಯಿಂದ ಹತ್ತಿಬಂದ ಬಸ್ಸಿನಲ್ಲೇ ಉಳಿದಿತ್ತು. ಮೈಸೂರಿನ ಸಭೆಗಳಲ್ಲಿ ಹಾಡುವವರಿಗೆ ಪಿಟೀಲು ಪಕ್ಕವಾದ್ಯ ನುಡಿಸುತ್ತಿದ್ದವಳು ಅವನ ಹೆಂಡತಿ ನೀರಜಾ. ಮದುವೆಯಾಗಿ ಲಂಡನ್ನಿಗೆ ಬಂದ ಮೇಲೆ ಫ್ಲಾಟಿನಲ್ಲಿ ತಂತಿ ಮೀಟಿದರೆ ಸಾಕು, ಕೆಳಗಿನವರು ಕೋಲಿನಿಂದ ಚಾವಣಿ ಕುಟ್ಟುತ್ತಿದ್ದರು. ಕೊನೆಗೆ ಸ್ಥಳೀಯ ಕೌನ್ಸಿಲ್‌ಗೂ ದೂರು ಹೋಯಿತು. ಭಾನುವಾರ ಯಾರು ಬೇಕಾದರೂ ವಾದ್ಯ ತಂದು ಜೊತೆಗೆ ಕೂತು ನುಡಿಸಬಹುದೆಂದು ಕೇಳಿ ಇಬ್ಬರೂ ಈ ಐರಿಷ್ ಪಬ್ಬಿಗೆ ಬಂದಿದ್ದರು.

"ಇದೂ ಆಗ್ಲಿಲ್ಲ ಅಂದ್ರೆ ಬಿಟ್ಬಿಡೋಣ ಕಣೋ," ಎಂದಿದ್ದಳು ಬಸ್ಸಿನಲ್ಲಿ. "ಅಣ್ಣ ಮುಂದಿನ ತಿಂಗಳು ವಾಪಸ್ ಹೋಗ್ತಾನಲ್ಲ, ಅವನ ಕೈಲಿ ಪಿಟೀಲು ಕಳಿಸಿಬಿಡ್ತೀನಿ. ಊರಲ್ಲಿ ಯಾರಾದ್ರೂ ಕಲಿಯೋರಿಗೆ ಆಗುತ್ತೆ." ದನಿಯಲ್ಲಿ ದುಃಖದ ಸುಳಿವೇ ಇರಲಿಲ್ಲ. ಅವನಿಗೆ ಹೆದರಿಕೆಯಾದದ್ದು ಅದಕ್ಕೇ.

ಅಗ್ಗಿಷ್ಟಿಕೆಯ ಪಕ್ಕದಲ್ಲಿ ಆರೇಳು ಮಂದಿ ಒಂದು ಮೇಜಿನ ಸುತ್ತ ಕುಳಿತು ಪಿಟೀಲು, ಕೊಳಲು, ಅಕಾರ್ಡಿಯನ್ ನುಡಿಸುತ್ತಿದ್ದರು. ಅವರಲ್ಲಿ ಹಿರಿಯ ಡೆಸ್ಮಂಡ್, ಬೆಳ್ಳಗಿನ ಹುಬ್ಬಿನ ಮುದುಕ, ಅವಳ ಕೈಯ ಪೆಟ್ಟಿಗೆಯನ್ನು ನೋಡಿ, "ಅದರೊಳಗೆ ಪಿಟೀಲೋ, ಬಂದೂಕೋ?" ಎಂದ.

"ಪಿಟೀಲು."

"ಹಾಗಾದ್ರೆ ಕೂತ್ಕೋ."

ಯಾರೋ ಕುರ್ಚಿ ಎಳೆದರು. ನೀರಜಾ ಮುಗುಳ್ನಕ್ಕು ಅದನ್ನು ಬದಿಗೆ ಸರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು.

"ಈ ಪಬ್ಬಲ್ಲಿ ಎಲ್ರೂ ನೆಲಕ್ಕೆ ಬರ್ತಾರೆ," ಎಂದ ಡೆಸ್ಮಂಡ್, "ಆದ್ರೆ ಕುಡಿದ ಮೇಲೆ!"

ನಗು ಎದ್ದಿತು. ನೀರಜಾಳೂ ನಕ್ಕಳು. ಒಡತಿ ಮೊರೀನ್ ಒಳಗಿನಿಂದ ಒಂದು ದಿಂಬು ತಂದುಕೊಟ್ಟು ಹೋದಳು.

ಆದರೆ ಅವಳು ನುಡಿಸಲಿಲ್ಲ. ಒಂದರ ಬಾಲಕ್ಕೆ ಒಂದು ಗಂಟು ಹಾಕಿದಂತೆ ಕುಣಿತದ ಮಟ್ಟುಗಳು ಓಡುತ್ತಿದ್ದವು. ಇವಳ ಕಮಾನು ತೊಡೆಯ ಮೇಲೇ ಇತ್ತು. ಕೌಂಟರಿಗೆ ಒರಗಿ ನಿಂತ ಶಮಂತನ ಕೈಯಲ್ಲಿ ಕಿತ್ತಳೆ ರಸ ಬೆಚ್ಚಗಾಯಿತು.

"ಸುಮ್ಮನೆ ಕೂತಿದ್ದಾಳಲ್ಲ," ಎಂದ, ಯಾರಿಗೆಂದಿಲ್ಲದೆ.

"ಕೂರಲಿ ಬಿಡು. ಇಲ್ಲಿ ಕೇಳೋದೂ ಒಂದು ಕೆಲಸವೇ," ಎಂದಳು ಮೊರೀನ್. "ನಮ್ಮಜ್ಜನ ಕಾಲದಲ್ಲಿ ಐರ್ಲೆಂಡಿನಿಂದ ರಸ್ತೆ ಅಗೆಯೋಕೆ ಬಂದೋರು ಒಂದೊಂದು ಕೋಣೇಲಿ ಐದಾರು ಜನ ಮಲಗೋರು. ಶಿಳ್ಳೆ ಹಾಕಿದ್ರೂ ಮನೆ ಮಾಲೀಕರು ಆಚೆಗಟ್ಟೋರು. ಹಾಡು ಬಂದಾಗೆಲ್ಲ ಇಲ್ಲಿಗೆ ಬರೋರು. ಈ ಪಬ್ಬು ಉಳಿದಿರೋದೇ ಹಾಗೆ."

ಅಷ್ಟರಲ್ಲಿ ಮೇಜಿನಲ್ಲಿ ವಾದ್ಯಗಳು ನಿಂತವು. ಡೆಸ್ಮಂಡ್ ಪಿಟೀಲು ಕೆಳಗಿಟ್ಟು ಕಣ್ಣು ಮುಚ್ಚಿದ. ಮೊರೀನ್ ಪಿಸುದನಿಗೆ ಇಳಿದಳು.

"ಇನ್ನು ಗ್ಲಾಸಿನ ಸದ್ದೂ ಆಗಬಾರದು. ಅವನು ಹಾಡ್ತಾನೆ. ಹಾಡೋವಾಗ ಜೊತೆಗೆ ಯಾರೂ ನುಡಿಸೋ ಹಾಗಿಲ್ಲ, ಅಜ್ಜನ ಕಾಲದ ಕಟ್ಟಳೆ. ಒಮ್ಮೆ ಯಾರೋ ಗಿಟಾರ್ ಮೀಟಿದ್ದಕ್ಕೆ ಹಾಡು ಅರ್ಧಕ್ಕೇ ಬಿಟ್ಟು ಎದ್ದುಹೋದ."

ಕಡಲು ದಾಟಿ ಬಂದವನೊಬ್ಬನ ಹಾಡು. ಒಡೆದ ದನಿ, ಬಿಡುವು ಕೊಟ್ಟು ಕೊಟ್ಟು ಹೇಳುವ ಸಾಲುಗಳು. ತುಂಬಿದ ಪಬ್ಬು ಉಸಿರು ಹಿಡಿದಿತ್ತು. ಮೊದಲ ಚರಣ ಮುಗಿಯಿತು. ಆ ಮೌನದಲ್ಲಿ ಸಣ್ಣಗೆ 'ಟುಂಯ್' ಎಂದಿತು.

ಶಮಂತ ತಿರುಗಿ ನೋಡಿದ. ನೀರಜಾ ತಲೆ ಬಗ್ಗಿಸಿ, ಬಿರಡೆ ತಿರುಗಿಸಿ, ಮುದುಕನ ಶ್ರುತಿಗೆ ತಂತಿ ಕೂಡಿಸುತ್ತಿದ್ದಳು. ಬಲಗಾಲು ಆಗಲೇ ಮುಂದಕ್ಕೆ ಚಾಚಿತ್ತು. ಪಿಟೀಲಿನ ತಲೆ ಪಾದದ ಮೇಲೆ ಕುಳಿತಿತ್ತು. ಹಾಡುವವರಿದ್ದಾರೆ, ಪಕ್ಕದಲ್ಲಿ ತಾನಿದ್ದೇನೆ, ಇನ್ನೇನು ಯೋಚನೆ ಎಂಬಂಥ ಮುಖ. ಹೆಸರು ಹಿಡಿದು ಕೂಗಿದರೆ ಹಾಡೇ ಕೆಡುತ್ತದೆ. ಶಮಂತ ಒಂದು ಹೆಜ್ಜೆ ಇಟ್ಟ. ಹಲಗೆ ಕಿರ್ರೆಂದಿತು. ನಿಂತುಬಿಟ್ಟ.

ಎರಡನೆಯ ಚರಣದಲ್ಲಿ ಅವಳು ಮುದುಕನ ಹಿಂದೆಯೇ ನುಡಿಸುತ್ತ ಬಂದಳು. ದನಿ ಬಾಗಿದ ಕಡೆ ಕಮಾನೂ ಬಾಗಿತು, ಅವನಿಗಿಂತ ಮೆಲ್ಲಗೆ, ಅರೆಯುಸಿರಿನಷ್ಟು ತಡವಾಗಿ. ಕೊಳಲಿನವನು ಬೆಚ್ಚಿ ತಲೆ ಎತ್ತಿದ. ಮೊರೀನಳ ಕೈ ಗ್ಲಾಸಿನ ಮೇಲೆ ನಿಂತಿತು. ಸಾಲು ಮುಗಿದದ್ದೇ ಡೆಸ್ಮಂಡ್ ಹಾಡು ನಿಲ್ಲಿಸಿದ.

ನೀರಜಾ ಅದನ್ನು ತನ್ನ ಸರದಿಯೆಂದುಕೊಂಡಳು. ಅವನು ಬಿಟ್ಟ ಸಾಲನ್ನು ಪೂರಾ ತಿರುಗಿ ನುಡಿಸಿ, ಕೊನೆಯ ಸ್ವರವನ್ನು ಒಂದಿಷ್ಟು ಅಲುಗಿಸಿ, ಅವನ ಕೈಗಿತ್ತಂತೆ ಸುಮ್ಮನಾದಳು. ಮುದುಕ ಕಣ್ಣು ತೆರೆಯಲಿಲ್ಲ. ತಲೆ ಓರೆ ಮಾಡಿ ಕೇಳಿದ. ಮುಂದಿನ ಸಾಲು ಎತ್ತಿಕೊಂಡ. ಅಲ್ಲಿಂದಾಚೆಗೆ ಪ್ರತಿ ಸಾಲಿನ ತುದಿಯಲ್ಲೂ ತಾನಾಗಿಯೇ ಅವಳಿಗೆ ಜಾಗ ಬಿಟ್ಟ.

ಹಾಡು ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ಡೆಸ್ಮಂಡ್ ಕಣ್ಣು ತೆರೆದು ನೆಲದ ಕಡೆ ನೋಡಿದ.

"ಮೊರೀನ್, ಆ ಹರಕು ದಿಂಬು ತೆಗಿ," ಎಂದ. "ಮುಂದಿನ ಭಾನುವಾರಕ್ಕೆ ಒಂದು ಒಳ್ಳೆ ಜಮಖಾನ ಹಾಕಿಡು."

ಮನೆಗೆ ಮರಳುವ ಬಸ್ಸಿನಲ್ಲಿ ನೀರಜಾಳ ಮಾತು ನಿಲ್ಲಲೇ ಇಲ್ಲ.

"ಪಾಪ ಕಣೋ ಆ ತಾತ! ಅಷ್ಟು ಜನ ವಾದ್ಯ ಇಟ್ಕೊಂಡು ಬೊಂಬೆಗಳ ಥರ ಕೂತಿದ್ರಲ್ಲ. ಒಬ್ಬರಾದ್ರೂ ನುಡಿಸಬಾರ್ದಾ? ನಂಗೆ ತಡಿಯೋಕೇ ಆಗ್ಲಿಲ್ಲ."

"ಹ್ಞೂಂ," ಎಂದ ಶಮಂತ.

"ಎಷ್ಟು ವರ್ಷದಿಂದ ಹಾಗೆ ಒಬ್ಬರೇ ಹಾಡ್ತಿದ್ದಾರೋ ಏನೋ. ಮುಂದಿನ ವಾರ ಸ್ವಲ್ಪ ಬೇಗ ಹೋಗೋಣ, ಆಯ್ತಾ? ಅಣ್ಣನ ಲಗೇಜಲ್ಲಿ ಜಾಗ ಉಳೀತು ನೋಡು, ಚಾಕೊಲೇಟ್ ತುಂಬಿಸಿ ಕಳಿಸಿದ್ರಾಯ್ತು."

ಅವನು ನಕ್ಕು, ಪಿಟೀಲಿನ ಪೆಟ್ಟಿಗೆಯನ್ನು ತನ್ನ ತೊಡೆಗೆ ಎಳೆದುಕೊಂಡ. ಅಲ್ಲಿ ಹಾಡುವವರ ಜೊತೆ ಯಾರೂ ನುಡಿಸುವಂತಿಲ್ಲ ಎಂಬುದನ್ನು ಅವಳಿಗೆ ಅಂದು ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.