ಚೀಲದೊಳಗಿನ ಮಲ್ಲಿಗೆ

ಶವಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಮಗಳು ರೂತಳಿಗೆ ಮುಡಿಸಲೆಂದು ಎಸ್ತರಮ್ಮ ಚೀಲದಿಂದ ಮಲ್ಲಿಗೆ ದಂಡೆ ತೆಗೆದಳು. ಅಳಿಯ ದಾನಿಯೇಲ ಅಡ್ಡ ಬಂದ.

“ಬ್ಯಾಡ್ರಿ ಅತ್ತೆ. ನಮ್ಮ ಸಭೇಲಿ ಹೂವ, ಒಡವೆ ಎಲ್ಲಾ ಪಾಪ. ಪಾಸ್ಟರು ಹೊರಗೇ ನಿಂತವ್ರೆ.”

“ನಮ್ಮ ಹಿರಿಯೂರು ಚರ್ಚಿಗೆ ಅಯ್ಯನೋರ ಹೆಂಡ್ತೀನೇ ಮುಡ್ಕಂಡು ಬರ್ತಾರೆ ಕಣಪ್ಪ. ಅಲ್ಲಿರೋನೂ ಇದೇ ಯೇಸುಸ್ವಾಮಿ ಅಲ್ವಾ?”

“ಅವಳೇ ಒಪ್ಪಿ ಹೂವ ಮುಡಿಯೋದು ಬಿಟ್ಟಿದ್ಲು, ಅತ್ತೆ,” ಎಂದ ದಾನಿಯೇಲ. ಅವನ ಕಣ್ಣೂ ತುಂಬಿತ್ತು.

ಅದು ಸುಳ್ಳಲ್ಲ. ರೂತ್ ಆ ಸಭೆ ಸೇರಿದಂದಿನಿಂದ ಎಸ್ತರಮ್ಮ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲೇ ತಲೆಯ ಹೂವು ತೆಗೆದು ಚೀಲದಲ್ಲಿಟ್ಟುಕೊಂಡು ಮಗಳ ಮನೆಗೆ ಬರುತ್ತಿದ್ದಳು. ಗಂಡ ಆಚೆ ಹೋದ ಕೂಡಲೇ ರೂತ್ ಆ ಚೀಲ ಬಿಚ್ಚಿ, ಹೂವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡು, ಮತ್ತೆ ಒಳಗಿಡುತ್ತಿದ್ದಳು. “ಮುಡಿಯೋದು ತಾನೇ ಪಾಪ, ಅವ್ವ?” ಎಂದು ನಗುತ್ತಿದ್ದಳು.

“ಮುಡಿಸಲ್ಲ ಬಿಡಪ್ಪ,” ಎಂದಳು ಎಸ್ತರಮ್ಮ. ಬಗ್ಗಿ, ಮಲ್ಲಿಗೆಯನ್ನು ಮಗಳ ಮೂಗಿನ ಹತ್ತಿರ ಹಿಡಿದು ಕಾದಳು. ಕಾದೇ ಕಾದಳು. ಆಮೇಲೆ, ಮಗಳು ಇಡುತ್ತಿದ್ದ ಹಾಗೆಯೇ, ಹೂವನ್ನು ಮತ್ತೆ ಚೀಲದೊಳಗಿಟ್ಟಳು.