ಗೋಡೆಯ ಕಡೆಯ ಮಗ್ಗುಲು

ತವರಿನ ಮದುವೆಗೆ ಹೋಗುವ ವಿಷಯದಲ್ಲಿ ಜಗಳವಾದಂದಿನಿಂದ ದಾಕ್ಷಾಯಣಿ ಗಂಡನಿಗೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಇಬ್ಬರ ನಡುವೆ ಮಾತೇ ಇರಲಿಲ್ಲ. ಅಷ್ಟರಲ್ಲಿ ಅವಳಿಗೆ ತಲೆಸುತ್ತು ಶುರುವಾಯಿತು. ಗೋಡೆಯ ಕಡೆ ಹೊರಳಿದರೆ ಸಾಕು, ಕೋಣೆಯೇ ಗಿರಗಿರ ತಿರುಗುತ್ತಿತ್ತು. ವಿಧಿಯಿಲ್ಲದೆ ಗಂಡನ ಕಡೆ ಮುಖ ಮಾಡಿ ಮಲಗಿದಳು. ಎದುರುಬದುರು ಮಲಗಿ ಎಷ್ಟು ಹೊತ್ತು ಸುಮ್ಮನಿರುವುದು? ಮೊದಲು ಮಾತು ಬಂತು, ಆಮೇಲೆ ನಗುವೂ ಬಂತು.

ಆದರೂ ಹೆದರಿದ ಪುಟ್ಟಬಸಪ್ಪ ಹೆಂಡತಿಯನ್ನು ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ಅವಳನ್ನು ಪರದೆಯಾಚೆಯ ಮಂಚಕ್ಕೆ ಕಳಿಸಿ, “ಕಿವಿಯೊಳಗಿನ ಸಣ್ಣ ಹರಳು ಜಾಗ ತಪ್ಪಿರುತ್ತೆ. ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸಿದ್ರೆ ಸರಿಹೋಗುತ್ತೆ,” ಎಂದರು.

ಪುಟ್ಟಬಸಪ್ಪ ದನಿ ತಗ್ಗಿಸಿದ. “ಅಪಾಯ ಏನಿಲ್ವಾ ಸಾರ್?”

“ಏನೇನೂ ಇಲ್ಲ.”

“ಹಂಗಾದ್ರೆ ಇನ್ನೊಂದ್ ವಾರ ಬಿಟ್ಟು ಸರಿಮಾಡಿ ಸಾರ್. ವಾಸಿಯಾದ್ರೆ ಮತ್ತೆ ಗೋಡೆ ಕಡೆ ತಿರುಗಿಬಿಡ್ತಾಳೆ.”

ಡಾಕ್ಟರು ನಗು ತಡೆದುಕೊಂಡು ಒಳಗೆ ಹೋದರು. ದಾಕ್ಷಾಯಣಿಯ ತಲೆಯನ್ನು ಎರಡೂ ಕಡೆ ವಾಲಿಸಿ ಕಣ್ಣು ನೋಡಿದರು.

“ಏನಮ್ಮಾ, ತಲೆ ಸುತ್ತುತ್ತಾನೇ ಇಲ್ವಲ್ಲ?”

ಅವಳು ಪರದೆಯತ್ತ ನೋಡಿ ಪಿಸುಗುಟ್ಟಿದಳು. “ಅದು ಯಾವಾಗ್ಲೋ ವಾಸಿಯಾಯ್ತು ಡಾಕ್ಟ್ರೇ. ನಮ್ಮೋರಿಗೆ ಮಾತ್ರ ಹೇಳ್ಬೇಡಿ.”